ಚಿತ್ರಕ್ಕೆ ಬಿದ್ದ ಪಟ್ಟೆ

ಚಿತ್ರ ಕೆಡಲಿ ಎಂದು ಅಕ್ಕ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಮೊಬೈಲಿನ ಪರದೆಯ ಮೇಲೆ ಅದು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕಪ್ಪು ಆಕಾಶ ಬಂತು, ಆಮೇಲೆ ಭೂಮಿಯ ನೀಲಿ ಅಂಚು, ಆಮೇಲೆ ದಪ್ಪ ಕೈಗವಸು ಹಾಕಿದ ಒಂದು ಕೈ. ಎಲ್ಲೂ ಒಂದು ಚುಕ್ಕೆಯಿಲ್ಲ. ಅಕ್ಕನ ಚಿತ್ರಗಳಲ್ಲಿ ಯಾವಾಗಲೂ ಇರುವೆ ಹರಿದಂತೆ ಕಾಣುವ ಆ ಗದ್ದಲದ ಹೆಸರೇ ಇಲ್ಲ.

ತಾರಸಿಯ ಮೇಲೆ ಸಂಜೆಯ ಬಿಸಿಲು ಓರೆಯಾಗಿತ್ತು. ತಂಗಿ ಪುಟ್ಟಿ ಬಲಗೈಯಲ್ಲಿ ಆಂಟೆನಾ ಎತ್ತಿ ಹಿಡಿದು, ಕಣ್ಣಿಗೆ ಕಾಣದ ಬಾಹ್ಯಾಕಾಶ ನಿಲ್ದಾಣವನ್ನು ಹಿಂಬಾಲಿಸುತ್ತ ನಿಧಾನವಾಗಿ ತಿರುಗುತ್ತಿದ್ದಳು. ಪ್ಲಾಸ್ಟಿಕ್ ಪೈಪಿಗೆ ಅಳತೆ ಟೇಪಿನ ಉಕ್ಕಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿ ಮಾಡಿದ ಆಂಟೆನಾ ಅದು; ಮಾಡಿಕೊಟ್ಟವಳೂ ಅಕ್ಕನೇ. ಪುಟ್ಟಿಯ ಏಪ್ರನ್ನಿನ ಜೇಬಿನಲ್ಲಿ, ಕತ್ತರಿ ಬಾಚಣಿಗೆಗಳ ಪಕ್ಕದಲ್ಲಿ, ಕೈರೇಡಿಯೊ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯೇ ಚಿತ್ರ. ಅಕ್ಕ ಮೊಬೈಲನ್ನು ಅದರ ಹತ್ತಿರ ಹಿಡಿದು ನಿಂತಿದ್ದಳು. ಮೊಬೈಲು ಆ ಸದ್ದನ್ನು ಕೇಳಿಸಿಕೊಂಡು ಗೆರೆ ಎಳೆಯುತ್ತಿತ್ತು. ಅದಕ್ಕೇ ಈ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಒಂದು ಮಾತು ಬಿದ್ದರೆ ಚಿತ್ರದಲ್ಲಿ ಒಂದು ಗಾಯ.

ಒಂದು ಕೆಮ್ಮು ಸಾಕು ಎಂದು ಅಕ್ಕನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಗಂಟಲು ನಿಜವಾಗಿಯೂ ಕೆರೆಯತೊಡಗಿತು. ಉಗುಳು ನುಂಗಿದಳು. ಕೆಮ್ಮಲಿಲ್ಲ. ಆ ದಿನ ಕೆಮ್ಮಲಿಲ್ಲ.

ಸಿಳ್ಳೆ ನಿಂತಿತು. ಪುಟ್ಟಿ ಆಂಟೆನಾ ಇಳಿಸಿ ಓಡಿ ಬಂದು ಮೊಬೈಲಿಗೆ ಬಗ್ಗಿದಳು. "ಬಂತು ಅಕ್ಕ. ನೋಡು, ಕೈಗವಸಿನ ಹೊಲಿಗೆ ಕೂಡ ಕಾಣ್ಸುತ್ತೆ. ಹನ್ನೊಂದು ಚಿತ್ರ ಆಯ್ತು."

"ಬಲಗಡೆ ಸ್ವಲ್ಪ ವಾಲಿದೆ" ಎಂದಳು ಅಕ್ಕ.

"ಎಲ್ಲಿ?"

"ಇಲ್ಲಿ. ನೋಡೋರ ಕಣ್ಣಿಗೆ ಗೊತ್ತಾಗುತ್ತೆ."

ಪುಟ್ಟಿ ಕಣ್ಣು ಕಿರಿದು ಮಾಡಿ ನೋಡಿದಳು. "ಹೂಂ, ನೀನು ಹೇಳಿದ್ಮೇಲೆ ಹಾಗೇ ಅನ್ಸುತ್ತೆ" ಎಂದು ಒಪ್ಪಿಕೊಂಡಳು. ಚಿತ್ರ ಎಲ್ಲೂ ವಾಲಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ತಂಗಿ ಒಪ್ಪಿಕೊಂಡದ್ದಕ್ಕೇ ಅಕ್ಕನಿಗೆ ಇನ್ನಷ್ಟು ಉರಿಯಿತು.

"ಅಯ್ಯೋ, ಕೆಳಗೆ ಒಬ್ರನ್ನ ತಲೆಗೆ ಬಣ್ಣ ಹಚ್ಚಿ ಕೂರ್ಸಿ ಬಂದಿದೀನಿ. ಇಷ್ಟೊತ್ತಿಗೆ ನೆತ್ತಿ ಬೆಂದು ಹೋಗಿರುತ್ತೆ" ಎಂದು ಪುಟ್ಟಿ ಮೆಟ್ಟಿಲಿಳಿದು ಹೋದಳು. ಆಂಟೆನಾ ಮಡಿಸಿಡುವ ಕೆಲಸ ಅಕ್ಕನಿಗೆ ಬಿತ್ತು.

ಆ ಕಟ್ಟಡದಲ್ಲಿ ಮೇಲಿನ ಮಹಡಿ ಪುಟ್ಟಿಯ ಬ್ಯೂಟಿ ಪಾರ್ಲರ್, ಕೆಳಗಿನದು ಅಕ್ಕನ ಗಡಿಯಾರದ ಅಂಗಡಿ. ಅಪ್ಪನ ಕಾಲದಿಂದ ಬಂದ ಅಂಗಡಿ. ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತವೆ. ಹೊಸಬರು ಬಂದರೆ "ಇದ್ರಲ್ಲಿ ಸರಿಯಾದ ಟೈಮ್ ಯಾವ್ದು?" ಎಂದು ಕೇಳದೆ ಹೋಗುವುದಿಲ್ಲ. ಅಕ್ಕ ತನ್ನ ಮಣಿಕಟ್ಟು ತೋರಿಸುತ್ತಾಳೆ. ಬೇಕೆಂದೇ ಹಾಗೆ ಇಟ್ಟಿರುವುದು, ಅಪ್ಪನ ಪದ್ಧತಿ. ಎಲ್ಲ ಒಟ್ಟಿಗೆ ಹೊಡೆದರೆ ಸಂತೆಯಾಗುತ್ತದೆ, ಯಾವುದರ ಗಂಟೆ ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ. ಒಂದೊಂದೇ ಹೊಡೆದರೆ ಒಂದೊಂದರ ಆರೋಗ್ಯ ವಿಚಾರಿಸಬಹುದು.

ಇವುಗಳಲ್ಲಿ ಮಾರಾಟಕ್ಕಿಲ್ಲದ್ದು ಒಂದೇ: ಬಾಗಿಲ ಎದುರು ಗೋಡೆಯ ಮೇಲಿನ ಅಪ್ಪನ ಲೋಲಕದ ಗಡಿಯಾರ. ಅದು ಹೊಡೆಯುವ ಮೊದಲು ಒಳಗಿಂದ ಕರ್‌ರ್‌ರ್ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ಠಣ್ ಎನ್ನುತ್ತದೆ. ಅಕ್ಕತಂಗಿಯರು ಚಿಕ್ಕವರಿದ್ದಾಗ ಅದನ್ನು 'ತಾತ' ಎಂದು ಕರೆಯುತ್ತಿದ್ದರು. ಊಟಕ್ಕೆ ಕೂತಾಗ ಅದು ಹೊಡೆದರೆ ಪುಟ್ಟಿ ಹಾಗೇ ಗಂಟಲು ಕೆರೆದು ಅಣಕಿಸಿ ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಳು. ಆ ಕರಕರವನ್ನು ರಿಪೇರಿ ಮಾಡುವುದು ಅಕ್ಕನಿಗೆ ಅರ್ಧ ಗಂಟೆಯ ಕೆಲಸ. ಮಾಡಿರಲಿಲ್ಲ. ಈಗ ಅದು ಅವಳ ಕಿವಿಗೆ ಬೀಳುವುದೂ ಇಲ್ಲ. ಗಡಿಯಾರದ ಅಂಗಡಿಯವರಿಗೆ ಗಡಿಯಾರದ ಸದ್ದು ಕೇಳಿಸುವುದಿಲ್ಲ. ಗಿರಾಕಿಗಳು ತಲೆನೋವು ಎಂದು ಹಣೆ ಒತ್ತಿಕೊಂಡು ಹೋದಾಗಲೇ ಅಲ್ಲೊಂದು ಸದ್ದಿದೆ ಎಂದು ಅವಳಿಗೆ ನೆನಪಾಗುವುದು.

ಬೀದಿಯವರಿಗೆ ಅವಳು ಗಂಟೆಯಕ್ಕ. ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರ ಹ್ಯಾಮ್ ರೇಡಿಯೊ ಲೈಸೆನ್ಸ್ ತೆಗೆದುಕೊಂಡ ಊರಿನ ಮೊದಲ ಹೆಂಗಸು. ಬಾಹ್ಯಾಕಾಶ ನಿಲ್ದಾಣದವರು ಆಗಾಗ ನಾಲ್ಕಾರು ದಿನ ರೇಡಿಯೊದಲ್ಲಿ ಚಿತ್ರ ಕಳಿಸುತ್ತಾರೆ, ಯಾರು ಬೇಕಾದರೂ ಹಿಡಿದುಕೊಳ್ಳಬಹುದು ಎಂದು ಊರಿಗೆ ಮೊದಲು ತೋರಿಸಿದವಳೂ ಅವಳೇ. ಆ ಮೊದಲ ಚಿತ್ರದಲ್ಲಿ ಅರ್ಧಕ್ಕರ್ಧ ಇರುವೆ, ಆದರೂ ಜನ ಅಂಗಡಿಗೆ ಬಂದು ಕೊರಳು ಉದ್ದ ಮಾಡಿ ನೋಡಿ ಹೋಗಿದ್ದರು. "ಆಕಾಶದಿಂದ ನಿಮಗೇ ಕಳ್ಸಿದ್ರಾ?" ಎಂದು ಎದುರಿನ ಇಸ್ತ್ರಿಯವನು ಕೇಳಿದ್ದ. ಅವಳು ಇಲ್ಲ ಎಂದಿರಲಿಲ್ಲ.

ಹವ್ಯಾಸಿಗಳ ಕೂಟಕ್ಕೆ ಭಾನುವಾರ ಬೆಳಗ್ಗೆ ರೇಡಿಯೊದಲ್ಲೇ ಹಾಜರಿ. ಅಕ್ಕ ಅಂಗಡಿಯಲ್ಲಿ ಕೂತು ಮೊದಲ ಸಲ ಮಾತಾಡಿದಾಗ "ಹಿಂದೆ ಏನು, ಕುದುರೆ ಓಡಿಸ್ತಿದೀರಾ?" ಎಂದು ಯಾರೋ ಛೇಡಿಸಿದ್ದರು. ಅಂದಿನಿಂದ ಅವಳು ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೇ ಮಾತಾಡುವುದು. ಗಡಿಯಾರಗಳ ಒಂದು ಟಿಕ್ ಕೂಡ ಆಚೆ ಹೋಗುತ್ತಿರಲಿಲ್ಲ.

ಪುಟ್ಟಿಯನ್ನು ಇದಕ್ಕೆ ಎಳೆದದ್ದು ಗಾಳಿ. ಹೋದ ವರ್ಷ ಒಂದು ದಿನ ಬೀಸಿದ ಗಾಳಿಗೆ ತಾರಸಿಯ ಕಬ್ಬಿಣದ ಸಲಾಕೆ ಬಗ್ಗಿ ಅಕ್ಕನ ಆಂಟೆನಾ ನೆಲಕ್ಕೆ ಬಿದ್ದಿತ್ತು. ಅಕ್ಕ ಲೆಕ್ಕ ಹಾಕಿ, ಕೋನ ಅಳೆದು, ಬೋಲ್ಟು ಬಿಗಿದು ನಿಲ್ಲಿಸಿದ್ದ ಆಂಟೆನಾ. ಒಮ್ಮೆ ಸರಿಯಾಗಿ ನಿಲ್ಲಿಸಿದರೆ ಮತ್ತೆ ಮುಟ್ಟಬಾರದು ಎನ್ನುವುದು ಅವಳ ಕಸುಬಿನ ಮಾತು. ಆ ದಿನ ನಿಲ್ದಾಣ ಹಾದುಹೋಗುವ ಹೊತ್ತಾಗಿತ್ತು, ಬೇರೆ ದಾರಿಯಿರಲಿಲ್ಲ. "ಸುಮ್ನೆ ಹಿಡ್ಕೊಂಡು ನಿಂತ್ಕೋ, ಅಲ್ಲಾಡ್ಬೇಡ" ಎಂದು ತಂಗಿಯ ಕೈಗೆ ಕೊಟ್ಟಳು.

ದಿನವಿಡೀ ಹೇರ್ ಡ್ರೈಯರ್ ಹಿಡಿದು ಪಳಗಿದ ಕೈ ಅದು. ಸಿಳ್ಳೆ ತೆಳ್ಳಗಾದಾಗ ಪುಟ್ಟಿ ಮಣಿಕಟ್ಟನ್ನು ಒಂಚೂರು ತಿರುಚಿದಳು. "ತಿರುಗಿಸ್ಬೇಡ" ಎಂದು ಅಕ್ಕ ಸನ್ನೆ ಮಾಡಿದಳು. ಸಿಳ್ಳೆ ದಪ್ಪಗಾಯಿತು. ಮತ್ತೆ ತೆಳ್ಳಗಾಯಿತು, ಪುಟ್ಟಿ ಮತ್ತೆ ತಿರುಚಿದಳು. ಅವಳು ಏನೂ ಯೋಚಿಸುತ್ತಿರಲಿಲ್ಲ. ಒದ್ದೆ ಕೂದಲಿರುವ ಕಡೆಗೆ ಡ್ರೈಯರ್ ಹೇಗೆ ತಾನಾಗಿ ತಿರುಗುತ್ತದೋ ಹಾಗೆ ಕೈ ತಿರುಗುತ್ತಿತ್ತು. ಇರುವೆಯಿಲ್ಲದ ಚಿತ್ರವನ್ನು ಆ ಮನೆತನ ಮೊದಲು ಕಂಡದ್ದು ಅವತ್ತೇ. ಅಕ್ಕ ಖುಷಿಪಟ್ಟಳು ಎಂದು ಹೇಳಬಹುದು. ಒಂದು ದಿನದ ಮಟ್ಟಿಗೆ ಪಟ್ಟಳು.

ಆಮೇಲೆ ಪುಟ್ಟಿಯೂ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡಳು. ಪಾಠ ಹೇಳಿಕೊಟ್ಟವಳು ಅಕ್ಕ. ಕಲಿಸಿದ ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಹಾಗೆ ಪುಟ್ಟಿ ತಿರುಗಿಬಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತಿರುಗಿಬೀಳಲಿಲ್ಲ. ಕೂಟದಲ್ಲಿ ಯಾರು ಹೊಗಳಿದರೂ "ಎಲ್ಲಾ ಅಕ್ಕ ಕಲ್ಸಿದ್ದು" ಎನ್ನುತ್ತಿದ್ದಳು. ಉರಿಯುವ ಬೆಂಕಿಗೆ ತುಪ್ಪ ಹೊಯ್ಯುವುದು ಎಂದರೆ ಇದು.

ಹನ್ನೊಂದನೆಯ ಚಿತ್ರ ಬಂದ ಮರುದಿನ ಭಾನುವಾರ. ಅಕ್ಕ ಉಗ್ರಾಣದಲ್ಲಿ ಕೂತು ಕೇಳುತ್ತಿದ್ದಳು. ಕೂಟದ ಮುಖ್ಯಸ್ಥರು ಹಲ್ಲಿನ ಡಾಕ್ಟರು. ರೋಗಿಗಳ ಬಾಯಿ ತೆರೆಸಿಟ್ಟು ತಾವೇ ಮಾತಾಡುವ ಅಭ್ಯಾಸ ರೇಡಿಯೊದಲ್ಲೂ ಹೋಗಿರಲಿಲ್ಲ. "ಈ ಸಲದ ಸರಣಿಯಲ್ಲಿ ಹನ್ನೆರಡು ಚಿತ್ರ. ಪುಟ್ಟಿಯವ್ರು ಹನ್ನೊಂದು ಹಿಡಿದಿದಾರೆ. ಕೊನೇದೊಂದು ಸಿಕ್ಕಿಬಿಟ್ರೆ ನಮ್ಮೂರಿಗೆ ಮೊದಲನೇ ಪೂರ್ತಿ ಸರಣಿ. ಲೈಬ್ರರಿಯವ್ರು ಚೌಕಟ್ಟು ಹಾಕ್ಸಿ ಗೋಡೆ ಮೇಲೆ ಹಾಕ್ತಾರಂತೆ, ಹೆಸರು ಸಮೇತ. ಗಂಟೆಯಕ್ಕ, ನಿಮ್ದು ಎಷ್ಟಾಯ್ತು?"

ಅಕ್ಕನದು ನಾಲ್ಕು. ನಾಲ್ಕಕ್ಕೂ ಇರುವೆ. "ಈ ಸಲ ಅಂಗಡಿ ಕೆಲಸ ಜಾಸ್ತಿ ಡಾಕ್ಟ್ರೇ, ಕೂರೋಕೇ ಆಗ್ಲಿಲ್ಲ" ಎಂದಳು.

"ಇರ್ಲಿ ಬಿಡಿ, ನಿಮ್ಮ ಮನೇಲಿ ಪುಟ್ಟಿಯವ್ರಿದಾರಲ್ಲ" ಎಂದರು ಡಾಕ್ಟರು.

ಅದೇ ದಿನ ಮಧ್ಯಾಹ್ನ ಗಡಿಯಾರಕ್ಕೆ ಬೇಕಾದ ಸಣ್ಣ ಬ್ಯಾಟರಿ ತರಲು ಹೋದಾಗ ಕೌಂಟರಿನಲ್ಲಿದ್ದ ಹೊಸ ಹುಡುಗಿ ಅವಳ ಮುಖ ನೋಡಿ ನಕ್ಕಳು. "ನೀವು ಪುಟ್ಟಿಯವ್ರ ಅಕ್ಕ ಅಲ್ವಾ?"

ಹೌದು ಎಂದು ಬ್ಯಾಟರಿ ತೆಗೆದುಕೊಂಡು ಬಂದಳು. ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ನಲವತ್ತು ವರ್ಷ ಪುಟ್ಟಿ 'ಗಂಟೆಯಕ್ಕನ ತಂಗಿ'ಯಾಗಿದ್ದಳು. ಶಾಲೆಯಲ್ಲಿ, ಬೀದಿಯಲ್ಲಿ, ಪಾರ್ಲರ್ ತೆರೆದ ಮೊದಲ ದಿನ ಕೂಡ. ಅವಳಿಗೆ ಅದರಿಂದ ಎಂದಾದರೂ ಹೀಗೆ ಒತ್ತಿತ್ತೇ ಎಂದು ಅಕ್ಕ ಯೋಚಿಸಲಿಲ್ಲ. ಹೊಟ್ಟೆಕಿಚ್ಚು ಬಿದ್ದವರಿಗೆ ಅಷ್ಟು ವ್ಯವಧಾನವೆಲ್ಲಿ?

ಕೊನೆಯ ಚಿತ್ರಕ್ಕೆ ಕೊನೆಯ ಅವಕಾಶ ಮಂಗಳವಾರ ಮಧ್ಯಾಹ್ನ. ಅದಾದ ಮೇಲೆ ನಿಲ್ದಾಣದವರು ಕಳಿಸುವುದನ್ನು ನಿಲ್ಲಿಸುವವರಿದ್ದರು. ಸೋಮವಾರ ಅಂಗಡಿ ಮುಚ್ಚುವ ಹೊತ್ತಿಗೆ ಪುಟ್ಟಿ ಎಂದಿನಂತೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಇಳಿದು ಬಂದಳು. ಇಬ್ಬರೂ ಕೌಂಟರಿನ ಎರಡು ಕಡೆ ಕೂತು ಕುಡಿದರು.

"ಅಕ್ಕ, ನಾಳೆ ಆಂಟೆನಾ ನೀನು ಹಿಡಿ. ನಾನು ಫೋನ್ ಹಿಡ್ಕೋತೀನಿ."

"ಯಾಕೆ?"

"ಸುಮ್ನೆ. ಇಬ್ರ ಹೆಸರೂ ಹಾಕ್ಸೋಣ ಅಂತ."

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಅಕ್ಕ ಒಪ್ಪಿಕೊಳ್ಳುತ್ತಿದ್ದಳೋ ಏನೋ. ಪುಟ್ಟಿಯ ಬಾಯಲ್ಲಿ ಅದು ತಟ್ಟೆಯಲ್ಲಿ ಉಳಿದದ್ದನ್ನು ಮುಂದಕ್ಕೆ ತಳ್ಳಿದ ಹಾಗೆ ಕೇಳಿಸಿತು. ತಾನು ಮಾಡಿಕೊಟ್ಟ ಆಂಟೆನಾವನ್ನು ತನಗೇ ದಾನ ಕೊಡುತ್ತಾಳೆ.

"ನಂಗೆ ನಾಳೆ ಗಿರಾಕಿ ಬರೋರಿದಾರೆ. ಲೈಬ್ರರಿ ಗೋಡೆ ನಿಂಗೇ ಇರ್ಲಿ."

ಪುಟ್ಟಿ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. "ಹಾಗಾದ್ರೆ ಫೋನನ್ನೂ ಜೇಬಲ್ಲೇ ಇಟ್ಕೋತೀನಿ" ಎಂದು ಲೋಟ ತೊಳೆಯಲು ಹೋದಳು.

ಮಂಗಳವಾರ ಯಾವ ಗಿರಾಕಿಯೂ ಬರಲಿಲ್ಲ. ಅಕ್ಕ ಕೌಂಟರಿನ ಹಿಂದೆ ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಕೈರೇಡಿಯೊ, ನಿಲ್ದಾಣದ ಫ್ರೀಕ್ವೆನ್ಸಿಗೆ ಇಟ್ಟದ್ದು. ಸುಮ್ಮನೆ ಕೇಳಲಿಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ತಲೆಯ ಮೇಲೆ ಪುಟ್ಟಿ ಪಾರ್ಲರಿನಿಂದ ಹೊರಟು ತಾರಸಿಯ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ರೇಡಿಯೊದ ಬರಬರ ಸದ್ದಿನೊಳಗಿಂದ ಸಿಳ್ಳೆ ಎದ್ದಿತು. ಗೋಡೆಗಳ ನಡುವೆ ಬಂದದ್ದರಿಂದ ಅದು ಬಡಕಲಾಗಿತ್ತು. ಮೇಲೆ ಅದೇ ಸಿಳ್ಳೆ ಪುಟ್ಟಿಯ ಜೇಬಿನಲ್ಲಿ ಎಷ್ಟು ದಪ್ಪಗೆ, ಎಷ್ಟು ಚೊಕ್ಕವಾಗಿ ಬರುತ್ತಿರಬಹುದು ಎಂದು ಅವಳಿಗೆ ಕಂಡಷ್ಟೇ ಸ್ಪಷ್ಟವಾಯಿತು. ಗೆರೆ ಗೆರೆಯಾಗಿ ಇಳಿಯುತ್ತಿರುತ್ತದೆ. ಅರ್ಧ ಇಳಿದಿರುತ್ತದೆ. ಚೌಕಟ್ಟು, ಗೋಡೆ, ಹೆಸರು.

ಈ ಫ್ರೀಕ್ವೆನ್ಸಿಯಲ್ಲಿ ಕೇಳಬೇಕು, ಮಾತಾಡಬಾರದು. ಮಾತಾಡುವ ಬಟನ್ ಒತ್ತಿದರೆ ಸಾಕು, ಹತ್ತಿರದವರ ರೇಡಿಯೊಗಳಲ್ಲಿ ಆಕಾಶದ ಸದ್ದು ಅಡಗಿ ಹೋಗುತ್ತದೆ; ಲೈಸೆನ್ಸೇ ಹೋಗುವಂಥ ತಪ್ಪು. ಪುಟ್ಟಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಇದೇ. ಹೇಳಿಕೊಟ್ಟ ಅದೇ ಅಕ್ಕ ಈಗ ರೇಡಿಯೊ ಎತ್ತಿಕೊಂಡು ಬಟನ್ ಒತ್ತಿದಳು. ತುಟಿ ಬಿಗಿಹಿಡಿದು, ಉಸಿರು ಬಿಗಿಹಿಡಿದು, ಒಂದಕ್ಷರ ಆಡದೆ, ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದಳು. ಸುತ್ತಲೂ ಗಡಿಯಾರಗಳು ತಮ್ಮ ಪಾಡಿಗೆ ತಾವಿದ್ದವು. ಯಾವುದೋ ಒಂದು ಹೊಡೆಯಿತು ಕೂಡ. ಅದು ಅವಳಿಗೆ ಕೇಳಿಸಲಿಲ್ಲ.

ಬಿಟ್ಟಾಗ ಸಿಳ್ಳೆ ಇನ್ನೂ ಬರುತ್ತಿತ್ತು. ಹೊಟ್ಟೆಯೊಳಗೆ ಹಾಲು ಹೊಯ್ದಷ್ಟು ತಂಪಾಯಿತು. ಸುಳ್ಳು ಯಾಕೆ ಹೇಳಬೇಕು, ನಿಜವಾಗಿಯೂ ತಂಪಾಯಿತು.

ಪುಟ್ಟಿ ಇಳಿದು ಬರಲು ತಡಮಾಡಿದಳು. ಬಂದಾಗ ಆಂಟೆನಾ ಇನ್ನೂ ಕೈಯಲ್ಲೇ ಇತ್ತು. ಬಾಗಿಲಿಗೆ ತಾಗಿಸಿಕೊಂಡು ಒಳಗೆ ಬಂದು, ಮೊಬೈಲನ್ನು ಕೌಂಟರಿನ ಗಾಜಿನ ಮೇಲೆ ಇಟ್ಟಳು. ಚಿತ್ರದಲ್ಲಿ ಒಬ್ಬ ಹೆಂಗಸು ನಿಲ್ದಾಣದೊಳಗೆ ತೇಲುತ್ತಿದ್ದಳು. ಕೂದಲು ತಲೆಯ ಸುತ್ತ ನೆಟ್ಟಗೆ ನಿಂತಿತ್ತು. ಅವಳ ಕಣ್ಣಿನಿಂದ ಬಾಯಿಯವರೆಗೆ, ಈ ಅಂಚಿನಿಂದ ಆ ಅಂಚಿಗೆ, ದಪ್ಪವಾದ ಬೂದಿ ಬಣ್ಣದ ಪಟ್ಟೆ.

"ಒಂದು ಡಬ್ಬ ಜೆಲ್ ಹಾಕಿದ್ರೂ ನನ್ ಕೈಲಿ ಕೂದಲು ಹೀಗೆ ನಿಲ್ಸೋಕಾಗಲ್ಲ" ಎಂದಳು ಪುಟ್ಟಿ. ನಗಲಿಲ್ಲ.

"ಅಯ್ಯೋ ಪಾಪ. ಮಧ್ಯದಲ್ಲಿ ಏನದು?"

"ಯಾರೋ ಬಟನ್ ಒತ್ತಿದ್ರು."

"ಟ್ಯಾಕ್ಸಿಯವ್ರ ವೈರ್‌ಲೆಸ್ ಇರ್ಬೇಕು. ಇಲ್ಲಾ ಆ ಕಾವಲುಗಾರರದ್ದು. ಅವ್ರಿಗೆ ಯಾವ್ದರ ಮೇಲೆ ಮಾತಾಡ್ತಿದೀವಿ ಅಂತ ಜ್ಞಾನ ಇರಲ್ಲ."

ಪುಟ್ಟಿ ಅವಳ ಮುಖ ನೋಡಲಿಲ್ಲ. ಎದುರಿನ ಗೋಡೆಯ ಕಡೆ ನೋಡಿದಳು. ಹೊತ್ತೆಷ್ಟಾಯಿತು ಎಂದು ನೋಡುತ್ತಿದ್ದಾಳೆ ಎಂದುಕೊಂಡಳು ಅಕ್ಕ. "ಇರ್ಬೋದು" ಎಂದು ಪುಟ್ಟಿ ಮೊಬೈಲ್ ತೆಗೆದುಕೊಂಡಳು. "ಮೇಲೆ ಕೆಲಸ ಇದೆ."

ಆ ವಾರ ಪುಟ್ಟಿ ಚಹಾ ತರುವುದನ್ನು ನಿಲ್ಲಿಸಲಿಲ್ಲ. ಕೌಂಟರಿನ ಆ ಕಡೆ ಕೂತು ಕುಡಿದು, ಪಾರ್ಲರಿಗೆ ಬಂದವರ ನಾಲ್ಕು ಸುದ್ದಿ ಹೇಳಿ, ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಚಿತ್ರದ ಮಾತು ಎತ್ತಲಿಲ್ಲ. ಅಕ್ಕನಿಗೆ ಮಂಗಳವಾರದ ತಂಪು ಬುಧವಾರಕ್ಕೇ ಆರಿಹೋಗಿತ್ತು. ಯಾರಾದರೂ ಬಾಗಿಲಿಗೆ ಬಂದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಅವಳಿಗೂ ಗೊತ್ತಿತ್ತು. ಹೆಗಲು ಮುಟ್ಟಿಕೊಳ್ಳದೆ ಇರುವುದು ಎಷ್ಟು ಕಷ್ಟ ಎನ್ನುವುದು ಈಗ ಗೊತ್ತಾಯಿತು.

ಡಾಕ್ಟರಿಗೆ ಸಿಟ್ಟು ಬಂದಿತ್ತು. ಇದು ಬೇಕೆಂದೇ ಮಾಡಿದ್ದು, ನಮ್ಮ ಫ್ರೀಕ್ವೆನ್ಸಿ ಗೊತ್ತಿರುವವರೇ ಮಾಡಿದ್ದು, ಭಾನುವಾರ ಎಲ್ಲರೂ ಹಾಜರಿರಬೇಕು ಎಂದು ಗ್ರೂಪಿನಲ್ಲಿ ಹಾಕಿದರು. ಮೊಬೈಲು ಚಿತ್ರದ ಜೊತೆ ಉಳಿಸಿಕೊಳ್ಳುವ ಧ್ವನಿಮುದ್ರಣವನ್ನು ಕಳಿಸಿ ಎಂದು ಪುಟ್ಟಿಯನ್ನು ಕೇಳಿದರು. "ಅಳ್ಸಿಹೋಯ್ತು ಡಾಕ್ಟ್ರೇ, ಕೈತಪ್ಪಿ" ಎಂದು ಪುಟ್ಟಿ ಬರೆದಳು. ಓದಿ ಅಕ್ಕನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಅದರ ಜೊತೆಗೇ, ಇಂಥ ಅಜಾಗರೂಕಳಿಗೆ ಲೈಬ್ರರಿ ಗೋಡೆ ಬೇರೆ ಕೇಡು ಎಂದೂ ಅನ್ನಿಸಿತು. ಪುಟ್ಟಿ ಇವತ್ತಿನವರೆಗೆ ಒಂದು ಧ್ವನಿಮುದ್ರಣವನ್ನೂ ಅಳಿಸಿದವಳಲ್ಲ ಎನ್ನುವುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕ ಉಗ್ರಾಣಕ್ಕೆ ಹೋಗಿ, ಬಾಗಿಲು ಹಾಕಿ, ಕೈರೇಡಿಯೊ ಹಚ್ಚಿದಳು. ಪುಟ್ಟಿ ಮೇಲೆ ಪಾರ್ಲರಿನಲ್ಲಿದ್ದಳು. ಕುರ್ಚಿ ಎಳೆಯುವ, ನಡೆದಾಡುವ ಸದ್ದು ಬರುತ್ತಿತ್ತು.

"ಪುಟ್ಟಿಯವ್ರದ್ದು ಅಳ್ಸಿಹೋಗಿದೆ. ಆದ್ರೆ ಹಿಂದಿನ ಬೀದಿಲಿರೋ ನಮ್ಮ ಬೇಕರಿಯವ್ರೂ ಅವತ್ತು ಕೇಳ್ತಿದ್ರು" ಎಂದರು ಡಾಕ್ಟರು. "ಅವ್ರ ಚಿತ್ರ ಹೇಗೂ ಸರಿ ಬರಲ್ಲ, ಅದು ಬೇರೆ ಮಾತು. ಅವ್ರ ಚಿತ್ರಕ್ಕೂ ಪಟ್ಟೆ ಬಿದ್ದಿದೆ. ಆದ್ರೆ ಸದ್ದು ಉಳ್ಸಿಟ್ಟಿದಾರೆ. ಎಲ್ರೂ ಗಮನವಿಟ್ಟು ಕೇಳಿ."

ಕೇಳಲಿ ಎಂದುಕೊಂಡಳು ಅಕ್ಕ. ತಾನು ಒಂದು ಮಾತೂ ಆಡಿಲ್ಲ. ಕೇಳುವುದಕ್ಕೆ ಅದರಲ್ಲಿ ಏನಿದೆ?

ಸಿಳ್ಳೆ ಬಂತು. ಏರಿತು, ಇಳಿಯಿತು. ಫಕ್ಕನೆ ನಿಂತಿತು. ಆ ನಿಂತ ಜಾಗದಲ್ಲಿ ನೂರು ಸಣ್ಣ ಕಾಲುಗಳು ಒಟ್ಟಿಗೆ ನಡೆದ ಹಾಗೆ ಟಿಕಟಿಕ ಸದ್ದು ತುಂಬಿಕೊಂಡಿತು. ಆಮೇಲೆ ಯಾರೋ ಮುದುಕರು ಮಾತಾಡುವ ಮೊದಲು ಗಂಟಲು ಸರಿಮಾಡಿಕೊಂಡಂತೆ ಕರ್‌ರ್‌ರ್ ಎಂದಿತು. ಠಣ್. ಅದರ ಗುಂಗು ಮುಗಿಯುವ ಮೊದಲೇ ಸಿಳ್ಳೆ ಮತ್ತೆ ಬಂತು.

ಅಕ್ಕ ಎಷ್ಟೋ ವರ್ಷಗಳ ಮೇಲೆ ತಾತನ ಸದ್ದು ಕೇಳಿದಳು. ಅವತ್ತು ತಾರಸಿಯ ಮೇಲೆ, ಪುಟ್ಟಿಯ ಜೇಬಿನ ರೇಡಿಯೊದಲ್ಲಿ ಇದೇ ಸದ್ದು ಬಂದಿರುತ್ತದೆ. ಪುಟ್ಟಿ ಆಂಟೆನಾ ಎತ್ತಿ ಹಿಡಿದುಕೊಂಡೇ ಅದನ್ನು ಕೇಳಿರುತ್ತಾಳೆ. ಇಳಿದು ಬಂದು ಗೋಡೆ ನೋಡಿದಳಲ್ಲ, ಹೊತ್ತು ನೋಡಿದ್ದಲ್ಲ ಅದು. ಟ್ಯಾಕ್ಸಿ, ಕಾವಲುಗಾರ ಎಂದು ತಾನು ಹೇಳಿದ್ದನ್ನೆಲ್ಲ ನಿಂತು ಕೇಳಿಸಿಕೊಂಡು ಇರ್ಬೋದು ಎಂದಿದ್ದಳು. ವಾರವಿಡೀ ಚಹಾ ತಂದಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದ್ದಾಗ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಯಾರಿಗಾದ್ರೂ ಗುರುತು ಹತ್ತುತ್ತಾ?" ಡಾಕ್ಟರು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ಯಾರಿಗೂ ಹತ್ತಲಿಲ್ಲ. "ಪುಟ್ಟಿಯವ್ರೇ, ನಿಮಗೆ?"

ಮೇಲೆ ನಡೆದಾಟ ನಿಂತಿತು. ಪುಟ್ಟಿಯ ದನಿ ರೇಡಿಯೊದಲ್ಲೂ ಬಂತು, ಛಾವಣಿಯ ಮೂಲಕ ಸಣ್ಣಗೆ ನಿಜವಾಗಿಯೂ ಬಂತು. "ಇಲ್ಲ ಡಾಕ್ಟ್ರೇ. ನಾನು ಕೇಳೇ ಇಲ್ಲ ಈ ಸದ್ದು. ಹೋಗ್ಲಿ ಬಿಡಿ, ಒಂದು ಚಿತ್ರ ತಾನೆ."

"ಬಿಡೋದು ಹೇಗೆ? ಇದು ಗಡಿಯಾರದ ಸದ್ದು ಅನ್ಸುತ್ತೆ ನಂಗೆ. ಯಾರದೋ ಮನೇದು. ಗಂಟೆಯಕ್ಕ, ಗಡಿಯಾರದ ವಿಷಯದಲ್ಲಿ ನಿಮ್ಮನ್ನ ಬಿಟ್ರೆ ಊರಲ್ಲಿ ಇನ್ಯಾರಿಗೆ ಗೊತ್ತು? ನಿಮ್ಮ ಹತ್ರ ರಿಪೇರಿಗೆ ಬಂದದ್ದೂ ಇರ್ಬೋದು. ಯಾರ ಗಡಿಯಾರ ಅಂತ ನೀವೇ ಹೇಳ್ಬೇಕು. ನೀವು ಹೇಳಿದ್ಮೇಲೆ ಎರಡು ಮಾತಿಲ್ಲ."

ಇಡೀ ವರ್ಷ ಅಕ್ಕ ಕಾದಿದ್ದ ಮಾತು ಅದು. ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು.

ಗೊತ್ತಿಲ್ಲ ಎಂದರೆ ಮುಗಿಯಿತು. ಪುಟ್ಟಿ ಆಗಲೇ ಹೇಳಿ ದಾರಿ ಮಾಡಿಕೊಟ್ಟಿದ್ದಳು. ಅಕ್ಕ ಬಟನ್ನಿನ ಮೇಲೆ ಬೆರಳಿಟ್ಟು ಬಾಯಿ ತೆರೆದಳು. ಒತ್ತದೆಯೇ ಬೆರಳು ತೆಗೆದಳು.

"ಗಂಟೆಯಕ್ಕ, ಇದೀರಾ?"

ಅವಳು ಎದ್ದು ಉಗ್ರಾಣದ ಬಾಗಿಲು ತೆಗೆದಳು. ಕೈರೇಡಿಯೊ ಹಿಡಿದುಕೊಂಡೇ ಅಂಗಡಿಯೊಳಗೆ ಬಂದು, ಸ್ಟೂಲಿನ ಮೇಲೆ ಹತ್ತಿ ನಿಂತು, ತಾತನ ಗಾಜಿನ ಬಾಗಿಲು ಬಿಚ್ಚಿದಳು. ಅರ್ಧ ಗಂಟೆಯ ಒಂದೇ ಹೊಡೆತಕ್ಕೆ ಇನ್ನೂ ಹೊತ್ತಿತ್ತು. ಗಿರಾಕಿಗಳು ಮುಳ್ಳಿಗೆ ಕೈ ಹಾಕಿದರೆ ಗದರುವವಳು ತಾನೇ ತೋರುಬೆರಳಿನಿಂದ ದೊಡ್ಡ ಮುಳ್ಳನ್ನು ನಿಧಾನವಾಗಿ ಕೆಳಕ್ಕೆ ತಳ್ಳಿದಳು. ಅದು ಆರರ ಅಂಕಿಯ ಹತ್ತಿರ ಬಂದಾಗ ರೇಡಿಯೊವನ್ನು ಗಡಿಯಾರದ ಎದೆಗೆ ಹಿಡಿದು, ಬಟನ್ ಒತ್ತಿ, ಮುಳ್ಳನ್ನು ಇನ್ನೊಂದು ಕೂದಲೆಳೆಯಷ್ಟು ಸರಿಸಿದಳು.

ತಾತ ಗಂಟಲು ಸರಿಮಾಡಿಕೊಂಡಿತು. ಠಣ್ ಎಂದಿತು.

ಗುಂಗು ಪೂರ್ತಿ ಅಡಗುವವರೆಗೆ ಅಕ್ಕ ಬಟನ್ ಬಿಡಲಿಲ್ಲ. ಬಿಟ್ಟು ಸ್ಟೂಲಿನಿಂದ ಇಳಿದಳು. ಸುತ್ತಲೂ ಗಡಿಯಾರಗಳು ಟಿಕಟಿಕ ಎನ್ನುತ್ತಿದ್ದವು. ಒಂದೊಂದೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಪುಟ್ಟಿಯ ಚಪ್ಪಲಿ, ಒಂದೊಂದೇ ಮೆಟ್ಟಿಲು, ಕೆಳಕ್ಕೆ.